ಒಲೆ ಬಾಗಿಲಿನಿಂದ 16 ಇಂಚು

ಬಾಸ್ಟನ್ ಸುತ್ತಮುತ್ತ ಮನೆ ಕೊಳ್ಳುವವರಿಗೆ ಮನೆ ತಪಾಸಣೆ ಮಾಡಿಕೊಡುವುದು ನನ್ನ ಕೆಲಸ. ಕಟ್ಟಿಗೆ ಒಲೆ ಇರುವ ಮನೆಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಒಲೆಯ ಕೆಳಗೆ ಪುಟ್ಟ ಟೈಲ್ಸ್ ಕಟ್ಟೆ ಇರುತ್ತದೆ. ಅದರ ಅಂಚಿನವರೆಗೂ ಕಾರ್ಪೆಟ್. ಆ ಕಾರ್ಪೆಟ್ ಮೇಲೊಂದು ಚಂದದ ರಗ್. ಕೇಳಿದರೆ, "ರಗ್ ಹಾಕಿದ್ದೀವಲ್ಲ ಸರ್, ಕಾರ್ಪೆಟ್‌ಗೆ ಏನೂ ಆಗಲ್ಲ" ಅನ್ನುತ್ತಾರೆ.

ಆಗುತ್ತದೆ. ರಗ್ ಒಳ್ಳೆಯದಾಗಿದ್ದರೆ ಸಣ್ಣ ಕಿಡಿಯನ್ನು ತಡೆಯಬಹುದು. ಬಾಗಿಲು ತೆಗೆದಾಗ ಉರುಳಿ ಬೀಳುವ ಕೊಳ್ಳಿಯನ್ನು ತಡೆಯುವುದಿಲ್ಲ. ಅದಕ್ಕೆ ಬೇಕಿರುವುದು ಉರಿಯದ ನೆಲ: ಟೈಲ್ಸ್, ಕಲ್ಲು, ಇಟ್ಟಿಗೆ.

ಎಷ್ಟು ಅಗಲ? ಅಮೆರಿಕದಲ್ಲಿ ಸಾಮಾನ್ಯವಾಗಿ ಬಾಗಿಲ ಮುಂದೆ 16 ಇಂಚು, ಪಕ್ಕಗಳಲ್ಲಿ 8 ಇಂಚು. ಕೆನಡಾದಲ್ಲಿ ಮುಂದೆ 18. ಇಲ್ಲೇ ಎಲ್ಲರೂ ಎಡವುವುದು. ಈ 16 ಇಂಚನ್ನು ಒಲೆಯ ಕಾಲಿನಿಂದ ಅಳೆಯಬಾರದು, ಹಿಂದಿನ ಗೋಡೆಯಿಂದಲೂ ಅಲ್ಲ. ಕಟ್ಟಿಗೆ ಹಾಕುವ ಬಾಗಿಲಿನಿಂದ ಅಳೆಯಬೇಕು. ಪಕ್ಕದಲ್ಲೂ ಬಾಗಿಲಿದ್ದರೆ ಅಲ್ಲೂ ಮುಂದಿನಷ್ಟೇ ಜಾಗ ಬಿಡಬೇಕು. ನಿಮ್ಮ ಒಲೆಯ ಕೈಪಿಡಿ ಇನ್ನೂ ಜಾಸ್ತಿ ಕೇಳಿದರೆ ಅದರ ಮಾತೇ ಕೊನೆಯದು. ಕೆಲವು ಒಲೆಗಳಿಗೆ ಕಿಡಿ ತಡೆಯುವ ನೆಲ ಸಾಕು, ಕೆಲವಕ್ಕೆ ಕೆಳಗೆ ಶಾಖ ಇಳಿಯದಂಥ ಪದರವೂ ಬೇಕು. ಕೈಪಿಡಿ ನೋಡದೆ ನಾನು ಯಾರಿಗೂ "ಇಷ್ಟು ಸಾಕು" ಅನ್ನುವುದಿಲ್ಲ.

ರಗ್ ಬಗ್ಗೆ ಇನ್ನೊಂದು ವಿಷಯವಿದೆ. ಉದ್ದ 6 ಅಡಿ, ವಿಸ್ತೀರ್ಣ 24 ಚದರ ಅಡಿ ಮೀರಿದ ಕಾರ್ಪೆಟ್‌ಗಳು ಇಲ್ಲಿ 1971ರಿಂದ ಬೆಂಕಿ ಪರೀಕ್ಷೆ ಪಾಸಾಗಲೇಬೇಕು. ಚಿಕ್ಕ ರಗ್ ಫೇಲಾದರೂ ಮಾರಬಹುದು. ಬೆಂಕಿಯ ಹತ್ತಿರ ಬಳಸಬೇಡಿ ಎಂಬ ಎಚ್ಚರಿಕೆ ಚೀಟಿ ಇದ್ದರೆ ಸಾಕು. ಜನ ಒಲೆ ಮುಂದೆ ಹಾಸುವುದು ಈ ಚಿಕ್ಕ ರಗ್ಗನ್ನೇ ಅಲ್ವಾ? ದಯವಿಟ್ಟು ಅದನ್ನು ಮಗುಚಿ ಚೀಟಿ ನೋಡಿ. ರಗ್ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನದಾಗಿದ್ದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಉಣ್ಣೆ ಕರಗುವುದಿಲ್ಲ, ಕರಕಲಾಗಿ ಅಲ್ಲೇ ನಿಲ್ಲುವುದೇ ಹೆಚ್ಚು. ರಗ್ ಬೇಕೇ ಬೇಕೆಂದರೆ ಉಣ್ಣೆಯದು ತನ್ನಿ. ಅದನ್ನೂ ಆ 16 ಇಂಚಿನ ಆಚೆಗೇ ಹಾಸಿ.

ನಮ್ಮವರ ಮೇಲೆ ನನಗೆ ಕೋಪವಿಲ್ಲ. ಮಲೆನಾಡಿನ ಬಚ್ಚಲೊಲೆ ಮುಂದೆ ಬೆಳೆದವರಿಗೆ ಕೆಂಡ ಬಿದ್ದರೆ ಬಿತ್ತು, ಕೆಳಗೆ ಕಲ್ಲಿನ ನೆಲ. ಆದರೂ ಒಂದು ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ತೀರ್ಥಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಅಮ್ಮ. ದಂಪತಿ ನನ್ನ ಜೊತೆ ಒಲೆಯ ಗಾಜಿನ ಬಗ್ಗೆ ಮಾತಾಡುತ್ತಿದ್ದರು. ಅಮ್ಮ ಒಲೆಯ ಬಾಗಿಲು ತೆಗೆದು, ಬಗ್ಗಿ ನೋಡಿ, "ಕೊಳ್ಳಿ ಉರುಳಿದ್ರೆ ಎಲ್ಲಿಗೆ ಬೀಳತ್ತೆ?" ಅಂದರು. ಟೇಪ್ ಹಿಡಿದೆವು. ಬಾಗಿಲಿನಿಂದ ಕಾರ್ಪೆಟ್‌ಗೆ ಒಂದು ಗೇಣೂ ಇರಲಿಲ್ಲ.

ಅಳಿಯ ಕಾರ್ಪೆಟ್ ಮೇಲೇ ಒಂದು ಹಾರ್ತ್ ಪ್ಯಾಡ್, ಅಂದರೆ ಒಲೆಯ ಕೆಳಗೆ ಹಾಕುವ ಉರಿಯದ ಹಲಗೆ, ಇಡೋಣ ಅಂದರು. ಅದೂ ಬೇಡ. ಮೆತ್ತನೆ ಕಾರ್ಪೆಟ್ ಮೇಲೆ ಪ್ಯಾಡ್ ಅಲುಗಾಡುತ್ತದೆ, ಟೈಲ್ಸ್ ಸಂದು ಬಿರುಕು ಬಿಡುತ್ತದೆ, ಕಿಡಿ ಅಲ್ಲೇ ಇಳಿಯುತ್ತದೆ. ಅಷ್ಟು ಜಾಗದ ಕಾರ್ಪೆಟ್ ಕತ್ತರಿಸಿ ತೆಗೆಸಿ, ಗಟ್ಟಿ ನೆಲದ ಮೇಲೆ ಕಟ್ಟೆಯನ್ನು ಮುಂದಕ್ಕೆ ಬೆಳೆಸಿ ಅಂದೆ. ಮ್ಯಾಸಚೂಸೆಟ್ಸ್‌ನಲ್ಲಿ ಕಟ್ಟಿಗೆ ಒಲೆ ಕೂರಿಸಲು ಪರ್ಮಿಟ್ ಬೇಕು. ಊರಿನ ಬಿಲ್ಡಿಂಗ್ ಇನ್‌ಸ್ಪೆಕ್ಟರ್‌ಗೆ ಆ ಕಟ್ಟೆಯ ಅಳತೆಯನ್ನೂ ತೋರಿಸಿ, ಒಪ್ಪಿದ ಮೇಲೆ ಬೆಂಕಿ ಹಾಕಿ ಎಂದು ವರದಿಯಲ್ಲಿ ಬರೆದುಕೊಟ್ಟೆ.