ಪಾಲಿಶ್ ಸ್ಪಿರಿಟ್ ಕೈಗೆ ಹಚ್ಚಬಹುದೇ?

ಪ್ರಶ್ನೆ: ಬಾಗಿಲಿಗೆ ಪಾಲಿಶ್ ಹಾಕಿಸಲು ತಂದ ಸ್ಪಿರಿಟ್ ಅರ್ಧ ಬಾಟಲಿ ಉಳಿದಿದೆ. ಸ್ಯಾನಿಟೈಸರ್‌ನಲ್ಲಿರುವುದೂ ಆಲ್ಕೋಹಾಲೇ ತಾನೆ? ವಾಸನೆಯೂ ಹೆಚ್ಚುಕಮ್ಮಿ ಒಂದೇ. ನೀರು ಬೆರೆಸಿ ಕೈಗೆ, ತರಚಿದ ಗಾಯಕ್ಕೆ ಹಚ್ಚಬಹುದೇ?

ಬೇಡ, ದಯವಿಟ್ಟು ಹಚ್ಚಬೇಡಿ. ಆಲ್ಕೋಹಾಲ್ ಅನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ಮನೆತನದ ಹೆಸರು. ಆ ಮನೆತನದಲ್ಲಿ ನಮ್ಮ ಕೈಗೆ ಸಿಗುವವರು ಮುಖ್ಯವಾಗಿ ಮೂವರು: ಎಥನಾಲ್, ಐಸೊಪ್ರೊಪೈಲ್, ಮೆಥನಾಲ್. ಮೂರೂ ನೀರಿನಷ್ಟೇ ತಿಳಿ, ಮುಟ್ಟಿದರೆ ತಣ್ಣಗೆ, ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತವೆ. ಮೈಯೊಳಗೆ ಹೋದ ಮೇಲೆ ಮಾತ್ರ ಒಂದೊಂದರ ದಾರಿ ಒಂದೊಂದು.

ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನು ಯೀಸ್ಟ್ ಹಾಕಿ ಹುಳಿಯಿಸಿ, ಬಟ್ಟಿ ಇಳಿಸಿದರೆ ಸಿಗುವುದು ಎಥನಾಲ್. ಮದ್ಯದಲ್ಲಿರುವುದೂ, ಈಗ ಪೆಟ್ರೋಲಿಗೆ ಬೆರೆಸುತ್ತಿರುವುದೂ ಇದೇ. ನಿಮ್ಮ ಪಾಲಿಶ್ ಸ್ಪಿರಿಟ್ ಕೂಡ ಮೂಲದಲ್ಲಿ ಎಥನಾಲೇ. ಆದರೆ ಮದ್ಯದ ಮೇಲಿನ ತೆರಿಗೆಯಿಲ್ಲದ ಅಗ್ಗದ ಸ್ಪಿರಿಟ್ಟನ್ನು ಯಾರೂ ಕುಡಿಯಬಾರದೆಂದು ಅದಕ್ಕೆ ಬೇಕೆಂದೇ ಕಹಿಯಾದ, ನಾರುವ ಅಥವಾ ವಿಷದ ಪದಾರ್ಥ ಸೇರಿಸಿರುತ್ತಾರೆ. ಡಿನೇಚರ್ಡ್ ಸ್ಪಿರಿಟ್ ಎಂದರೆ ಇದು. ಬಡಗಿ ಅದರಲ್ಲಿ ಅರಗು ಕರಗಿಸಿ, ಬಟ್ಟೆಯುಂಡೆಯಿಂದ ಮರಕ್ಕೆ ತೀಡುತ್ತಾನೆ. ಸ್ಪಿರಿಟ್ ಆರಿಹೋಗಿ ಹೊಳಪು ಉಳಿಯುತ್ತದೆ. ಆ ಕೆಲಸಕ್ಕೆ ಅದು ಸರಿ. ನೀರು ಬೆರೆಸಿದರೆ ಸ್ಪಿರಿಟ್ ತೆಳುವಾಗುತ್ತದೆಯೇ ಹೊರತು ಸೇರಿಸಿದ ವಿಷ ಎಲ್ಲೂ ಹೋಗುವುದಿಲ್ಲ.

ಸ್ಯಾನಿಟೈಸರ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂತ್ರ ಎರಡು: ಶೇ 80 ಎಥನಾಲ್, ಇಲ್ಲವೇ ಶೇ 75 ಐಸೊಪ್ರೊಪೈಲ್. ಪೂರ್ತಿ ನೂರು ಯಾಕಲ್ಲ? ರೋಗಾಣುವಿನ ಪ್ರೋಟೀನ್ ಕೆಡಿಸಲು ಆಲ್ಕೋಹಾಲಿಗೆ ಜೊತೆಯಲ್ಲಿ ಸ್ವಲ್ಪ ನೀರು ಬೇಕು. ಅಪ್ಪಟವಾದದ್ದು ಬೇಗ ಆರಿಯೂ ಹೋಗುತ್ತದೆ. ಐಸೊಪ್ರೊಪೈಲ್ ಪೆಟ್ರೋಲಿಯಂ ಮೂಲದ್ದು. ಇಂಜೆಕ್ಷನ್‌ಗೆ ಮುಂಚೆ ತೋಳು ಒರೆಸುವ ಹತ್ತಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಾಣುತ್ತೀರಿ. ಅದನ್ನೂ ಕುಡಿಯುವಂತಿಲ್ಲ. ತರಚಿದ ಗಾಯಕ್ಕಂತೂ ಇವು ಯಾವುವೂ ಬೇಡ, ಸೋಪು ಮತ್ತು ಹರಿಯುವ ನೀರು ಸಾಕು.

ನನಗೆ ನಿಜವಾದ ಭಯವಿರುವುದು ಮೆಥನಾಲ್ ಬಗ್ಗೆ. ಹಿಂದೆ ಇದನ್ನು ಮರವನ್ನೇ ಬಟ್ಟಿಯಿಳಿಸಿ ತೆಗೆಯುತ್ತಿದ್ದರು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೂ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಮರ ಸುಡುವಾಗ ಇದು ಉಪಉತ್ಪನ್ನವಾಗಿ ಸಿಗುತ್ತಿತ್ತು. ಈಗ ಹೆಚ್ಚಾಗಿ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಮಾಡುತ್ತಾರೆ. ಕೆಲವು ಥಿನ್ನರ್‌ಗಳಲ್ಲಿ ಇರುತ್ತದೆ, ಡಿನೇಚರ್ಡ್ ಸ್ಪಿರಿಟ್‌ನಲ್ಲೂ ಇರಬಹುದು.

ಮೆಥನಾಲ್ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ. ಮಲೆನಾಡಿನವರಿಗೆ ಈ ಆಮ್ಲ ಗೊತ್ತು. ಚಗಳಿ ಇರುವೆ ಗೂಡು ಮುಟ್ಟಿದಾಗ ಚಿಮ್ಮಿಸುವ, ಮೂಗಿಗೆ ಹೊಡೆಯುವ ಹುಳಿ ಇದೇ. ರಕ್ತದಲ್ಲಿ ತುಂಬಿಕೊಂಡರೆ ಕಣ್ಣಿನ ನರವನ್ನು ಸುಡುತ್ತದೆ. ಕುಡಿದ ಕೂಡಲೇ ಏನೂ ಆಗುವುದಿಲ್ಲ, ಬರೀ ಅಮಲು. ಎಷ್ಟೋ ಸಲ ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣೆದುರು ಮಂಜು ಕವಿದ ಹಾಗೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಸುಮಾರು 300 ಜನ ಸತ್ತರು. ಬಹುಪಾಲು ಕೂಲಿ ಮಾಡಿ ಬದುಕುವವರು.

ಬೆಂಕಿ ಹಚ್ಚಿ ನೀಲಿ ಜ್ವಾಲೆ ಬಂದರೆ ಒಳ್ಳೆಯ ಸರಕು ಎನ್ನುವ ಮಾತಿದೆ. ಅದನ್ನು ನಂಬಬೇಡಿ. ಮೆಥನಾಲ್ ಜ್ವಾಲೆಯೂ ತಿಳಿನೀಲಿ, ಹಗಲು ಬೆಳಕಿನಲ್ಲಂತೂ ಕಣ್ಣಿಗೇ ಬೀಳದು. ಮೂಗು, ನಾಲಿಗೆ, ಜ್ವಾಲೆ ಯಾವುದರಿಂದಲೂ ಮನೆಯಲ್ಲಿ ಇದನ್ನು ಗುರುತಿಸಲಾಗದು.

ಹಾಗಾಗಿ ಉಳಿದ ಸ್ಪಿರಿಟ್ಟನ್ನು ಪಾಲಿಶ್‌ನವರಿಗೇ ಕೊಟ್ಟುಬಿಡಿ. ಇಟ್ಟುಕೊಳ್ಳುವುದೇ ಆದರೆ ತಂದ ಬಾಟಲಿಯಲ್ಲೇ, ಚೀಟಿ ಕೀಳದೆ, ಒಲೆ ಮತ್ತು ದೇವರ ದೀಪದಿಂದ ದೂರ, ಮಕ್ಕಳ ಕೈಗೆಟುಕದ ಕಡೆ ಇಡಿ. ನೀರಿನ ಬಾಟಲಿಗಂತೂ ಸುರಿಯಲೇಬೇಡಿ. ಯಾರಾದರೂ ಗೊತ್ತಿಲ್ಲದೆ ಕುಡಿದರೆ, ಚೆನ್ನಾಗಿಯೇ ಇದ್ದಾರೆ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಥನಾಲ್ ಆಮ್ಲವಾಗುವುದನ್ನು ತಡೆಯುವ ಔಷಧ ಇದೆ, ಡಯಾಲಿಸಿಸ್ ಇದೆ, ಬೇಗ ತಲುಪಿದರೆ ಕಣ್ಣೂ ಉಳಿಯಬಹುದು. ಹೋಗುವಾಗ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದೇ ಅದನ್ನು.