ಸ್ನೆಲ್ ರೌಂಡ್‌ಹ್ಯಾಂಡ್: ಕೂಡಿಸಿ ಬರೆದಂತೆ ಕಾಣುವ ಫಾಂಟ್

ರೋಮನ್ ಲಿಪಿಯ ಅಕ್ಷರಗಳನ್ನು ಬಲಕ್ಕೆ ಓರೆಯಾಗಿ, ಒಂದಕ್ಕೊಂದು ಕೂಡಿಸಿ ಬರೆದಂತೆ ತೋರಿಸುವ ಫಾಂಟುಗಳನ್ನು ಕರ್ಸಿವ್ ಅಥವಾ ಸ್ಕ್ರಿಪ್ಟ್ ಫಾಂಟ್ ಎನ್ನುತ್ತಾರೆ. ಇವುಗಳಲ್ಲಿ ಅತ್ಯಂತ ಹದವರಿತು ರೂಪಿಸಿದ ಒಂದನ್ನು ಹೆಸರಿಸಿ ಎಂದರೆ ನಾನು ಸ್ನೆಲ್ ರೌಂಡ್‌ಹ್ಯಾಂಡ್ ಎನ್ನುತ್ತೇನೆ. ಲಂಡನ್ನಿನಲ್ಲಿ 1937ರಲ್ಲಿ ಹುಟ್ಟಿದ ಮ್ಯಾಥ್ಯೂ ಕಾರ್ಟರ್ ಇದನ್ನು 1960ರ ದಶಕದ ನಡುವಿನಲ್ಲಿ ಲೈನೋಟೈಪ್ ಕಂಪನಿಗಾಗಿ ರಚಿಸಿದರು. ಮುಂದೆ ಕಂಪ್ಯೂಟರ್ ಪರದೆಗೆಂದೇ ವರ್ಡಾನಾ ಮತ್ತು ಜಾರ್ಜಿಯಾ ಫಾಂಟುಗಳನ್ನು ಮಾಡಿಕೊಟ್ಟವರೂ ಇವರೇ. ಆ್ಯಪಲ್ ಕಂಪ್ಯೂಟರುಗಳಲ್ಲಿ ಈ ಫಾಂಟ್ ಮೊದಲೇ ಇರುವುದರಿಂದ ಹೆಸರು ಗೊತ್ತಿಲ್ಲದವರೂ ಇದನ್ನು ನೋಡಿರುವ ಸಾಧ್ಯತೆ ಹೆಚ್ಚು.

ಹೆಸರಿನಲ್ಲಿರುವ ಚಾರ್ಲ್ಸ್ ಸ್ನೆಲ್ 17ನೇ ಶತಮಾನದ ಕೊನೆಯಲ್ಲಿ ಮತ್ತು 18ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬರವಣಿಗೆ ಕಲಿಸುತ್ತಿದ್ದ ಗುರು. ವ್ಯಾಪಾರ ಬೆಳೆಯುತ್ತಿದ್ದ ಆ ಕಾಲದಲ್ಲಿ ಲೆಕ್ಕಪತ್ರ ಬರೆಯುವ ಗುಮಾಸ್ತರಿಗೆ ಬೇಗ ಬರೆಯಬಲ್ಲ, ಯಾರು ಬೇಕಾದರೂ ಓದಬಲ್ಲ ಒಂದು ಕೈಬರಹ ಬೇಕಾಗಿತ್ತು, ಆ ಅಗತ್ಯವನ್ನು ಪೂರೈಸಿದ್ದು ರೌಂಡ್‌ಹ್ಯಾಂಡ್. ಅದನ್ನು ಕಲಿಸುತ್ತಿದ್ದ ಗುರುಗಳಲ್ಲಿ ಹಲವರು ತಮ್ಮ ಕೈಚಳಕ ಮೆರೆಸಲು ಅಕ್ಷರದ ಸುತ್ತ ಬಳ್ಳಿ, ಹಕ್ಕಿ, ಮೀನುಗಳನ್ನೇ ಸುರುಳಿ ಗೆರೆಗಳಲ್ಲಿ ಬಿಡಿಸುತ್ತಿದ್ದರು. ಸ್ನೆಲ್ ಇದನ್ನು ಒಪ್ಪದೆ, ಅಕ್ಷರದ ಅಳತೆಗೆ ನಿಯಮ ಇರಬೇಕು, ಅಲಂಕಾರ ಮಿತಿಯಲ್ಲಿರಬೇಕು ಎಂದು ವಾದಿಸಿದವರು. ಕಾರ್ಟರ್ ಮಾದರಿಯಾಗಿ ಆರಿಸಿಕೊಂಡದ್ದು ಇಂಥ ಮಿತಭಾಷಿಯ ಬರಹವನ್ನು ಎಂಬುದನ್ನು ನೆನಪಿಟ್ಟುಕೊಂಡರೆ, ಈ ಫಾಂಟಿನ ದೊಡ್ಡಕ್ಷರಗಳಲ್ಲಿ ಸುರುಳಿಗಳಿದ್ದರೂ ಅವು ಏಕೆ ಓದಿಗೆ ಅಡ್ಡ ಬರುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಈ ಶೈಲಿಯ ಮುಖ್ಯ ಗುರುತು ದಪ್ಪ ಮತ್ತು ಸಣ್ಣ ಗೆರೆಗಳ ನಡುವಿನ ದೊಡ್ಡ ಅಂತರ. ಮೊನಚಾಗಿ ಕೊಯ್ದ ಗರಿಯ ಲೇಖನಿಯನ್ನು ಕೆಳಕ್ಕೆ ಎಳೆಯುವಾಗ ಒತ್ತಿದರೆ ಅದರ ಸೀಳು ತೆರೆದುಕೊಂಡು ಗೆರೆ ದಪ್ಪವಾಗುತ್ತದೆ. ಮೇಲಕ್ಕೆ ಒಯ್ಯುವಾಗ ಕೈ ಹಗುರವಾಗಿ ಗೆರೆ ಕೂದಲೆಳೆಯಷ್ಟಾಗುತ್ತದೆ. ಬರವಣಿಗೆ ಗುರುಗಳ ಮಾದರಿ ಪುಟಗಳನ್ನು ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದು ಅಚ್ಚು ಹಾಕುತ್ತಿದ್ದುದರಿಂದ ಆ ಸಣ್ಣ ಗೆರೆ ಇನ್ನಷ್ಟು ಸಣ್ಣದಾಯಿತು. ನಮ್ಮ ಶಾಲೆಗಳಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಮಕ್ಕಳು ತಿದ್ದುವ ಇಂಗ್ಲಿಷ್ ಕೂಡುಬರಹ ಇದೇ ಮನೆತನದ ದೂರದ ಸಂಬಂಧಿ, ಬಾಲ್‌ಪೆನ್ನಿನಲ್ಲಿ ಆ ದಪ್ಪ-ಸಣ್ಣ ಮಾತ್ರ ಉಳಿಯಲಿಲ್ಲ.

ಇಂಥ ಬರಹವನ್ನು ಅಚ್ಚುಮೊಳೆಗೆ ತರುವುದು ಬಹಳ ಕಾಲ ತೊಡಕಿನ ಕೆಲಸವಾಗಿತ್ತು. ಸೀಸದ ಮೊಳೆ ಚೌಕಾಕಾರ, ಅಕ್ಷರವೋ ಓರೆ. ಪಕ್ಕದ ಅಕ್ಷರದ ಮೇಲೆ ಚಾಚಿಕೊಂಡ ಭಾಗಕ್ಕೆ ಕೆಳಗೆ ಆಧಾರವಿಲ್ಲದೆ ಅದು ಮುರಿಯುತ್ತಿತ್ತು. ಸಾಲು ಸಾಲಾಗಿ ಸೀಸ ಎರಕ ಹೊಯ್ಯುವ ಲೈನೋಟೈಪ್ ಯಂತ್ರದಲ್ಲಂತೂ ಒಂದು ಅಕ್ಷರ ಇನ್ನೊಂದರ ಜಾಗಕ್ಕೆ ಕಾಲಿಡುವುದೇ ಸಾಧ್ಯವಿರಲಿಲ್ಲ. ಅಕ್ಷರವನ್ನು ಬೆಳಕಿನಿಂದ ಫಿಲ್ಮಿನ ಮೇಲೆ ಮೂಡಿಸುವ ಫೋಟೊ ಟೈಪ್‌ಸೆಟ್ಟಿಂಗ್ ಬಂದಾಗ ಆ ಗೋಡೆ ಬಿತ್ತು. ಹೊಸ ತಂತ್ರ ಏನು ಮಾಡಬಲ್ಲದು ಎಂಬುದನ್ನು ತೋರಿಸಲು ಹಳೆಯ ಕೈಬರಹವೊಂದನ್ನೇ ಆರಿಸಿಕೊಂಡದ್ದು ಕಾರ್ಟರ್ ಅವರ ಜಾಣತನ.

ಜಾಣತನದ ನಿಜವಾದ ಪರೀಕ್ಷೆ ನಡೆಯುವುದು ಕೂಡುವ ಜಾಗದಲ್ಲಿ. ಸಣ್ಣ 'ಎ' ಮುಗಿದಾಗ ಅದರ ಬಾಲದ ಗೆರೆ ಮೇಲೇರಿ ಪಕ್ಕದ 'ಎನ್' ಅಕ್ಷರದ ಮೊದಲ ಕಂಬವನ್ನು ಮುಟ್ಟಬೇಕು. ಅದೇ ಗೆರೆ 'ಎಂ', 'ಆರ್', 'ಟಿ' ಯಾವುದು ಬಂದರೂ ಸರಿಯಾಗಿ ಹೊಂದಬೇಕು. ಬರೆಯುವವನ ಕೈಗೆ ಮುಂದಿನ ಅಕ್ಷರ ಯಾವುದೆಂದು ಗೊತ್ತಿರುತ್ತದೆ, ಮೊಳೆಗೆ ಗೊತ್ತಿರುವುದಿಲ್ಲ. ಕಣ್ಣಿಗೆ ಸರಾಗವಾಗಿ ಹರಿದಂತೆ ಕಾಣುವ ಪದವೊಂದು ಹೀಗೆ ಕೂದಲೆಳೆಯ ಲೆಕ್ಕದಲ್ಲಿ ನಿಂತಿದೆ.

ಬಳಕೆಯ ನಿಯಮಗಳೆಲ್ಲ ಈ ಲೆಕ್ಕದಿಂದಲೇ ಹುಟ್ಟುತ್ತವೆ. ಲಗ್ನಪತ್ರಿಕೆಯ ಹೆಸರುಗಳು, ಪ್ರಮಾಣಪತ್ರ, ಔತಣದ ಆಹ್ವಾನ, ಅತ್ತರಿನ ಬಾಟಲಿಯ ಚೀಟಿ, ಹೀಗೆ ಕೆಲವೇ ಪದಗಳು ದೊಡ್ಡದಾಗಿ ನಿಲ್ಲುವ ಕಡೆ ಇದು ಶೋಭಿಸುತ್ತದೆ. ಅಂದವಾಗಿ ಕಾಣಲೆಂದು ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಕೂಡುಗೆರೆಗಳು ಕಡಿದು, ಪ್ರತಿ ಅಕ್ಷರದ ಬಾಲವೂ ಗಾಳಿಯಲ್ಲಿ ನೇತಾಡುತ್ತದೆ. ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಹೊಡೆಯುವುದು ಇನ್ನೂ ಕೆಟ್ಟದ್ದು: ಒಂಟಿಯಾಗಿ ಪದದ ಮೊದಲಲ್ಲಿ ನಿಲ್ಲಲೆಂದು ಬರೆದ ಸುರುಳಿಗಳು ಒಂದರ ಮೇಲೊಂದು ಬಿದ್ದು ಹೆಸರೇ ಓದಲು ಬಾರದಂತಾಗುತ್ತದೆ. ಕಾರ್ಡಿನ ಕೆಳಭಾಗದ ವಿಳಾಸಕ್ಕೂ ಇದು ಬೇಡ. ಚಿಕ್ಕ ಗಾತ್ರದಲ್ಲಿ ಸಣ್ಣ ಗೆರೆಗಳು ಮಾಯವಾಗುತ್ತವೆ, ಕಡುಬಣ್ಣದ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಟ್ಟರೆ ಸುತ್ತಲಿನ ಶಾಯಿ ಹರಡಿ ಅವುಗಳನ್ನು ನುಂಗುತ್ತದೆ. ಅಂಥ ಕಡೆ ಬಳಸಲು ಇದರಲ್ಲೇ ಬೋಲ್ಡ್ ಮತ್ತು ಬ್ಲ್ಯಾಕ್ ಎಂಬ ದಪ್ಪ ರೂಪಗಳಿವೆ.

ಒಂದು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್ ಇರುವ ನಮ್ಮ ಲಗ್ನಪತ್ರಿಕೆಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡದ ಅಕ್ಷರಗಳು ದುಂಡಗೆ, ನೆಟ್ಟಗೆ, ಬಿಡಿಬಿಡಿಯಾಗಿ ನಿಲ್ಲುವಂಥವು, ಒತ್ತಕ್ಷರಗಳು ಕೆಳಗಿಳಿಯುತ್ತವೆ. ಇಂಗ್ಲಿಷಿಗೆ ಸರಿಸಮನಾಗಲೆಂದು ಕನ್ನಡವನ್ನು ಕಂಪ್ಯೂಟರಿನಲ್ಲಿ ಓರೆ ಮಾಡಿದರೆ ದುಂಡುಗಳೆಲ್ಲ ಸೊಟ್ಟಗಾಗುತ್ತವೆಯೇ ಹೊರತು ಕೈಬರಹದ ಸೊಗಸು ಬರುವುದಿಲ್ಲ. ತೆಳು ಗೆರೆಯ ಕನ್ನಡ ಫಾಂಟೊಂದನ್ನು ನೆಟ್ಟಗೇ ಇಟ್ಟು, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟರೆ ಎರಡೂ ಪುಟಗಳು ಒಂದೇ ಕಾರ್ಡಿನವು ಎಂದು ತೋರುತ್ತವೆ.