‘ಜಾಮ್ ಆಗ್ತಿದೆ’ ಅಂತ ತರುವ ಪಿಸ್ತೂಲುಗಳು

ಪಿಸ್ತೂಲು ಹಿಡಿದು ನನ್ನ ರಿಪೇರಿ ಅಂಗಡಿಗೆ ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: “ಸರ್, ಇದು ಜಾಮ್ ಆಗ್ತಿದೆ, ನಂಬೋಕಾಗಲ್ಲ.” ನಾನು ಮೊದಲು ಕೇಳುವುದೂ ಒಂದೇ ಪ್ರಶ್ನೆ. ಇದುವರೆಗೆ ಎಷ್ಟು ಗುಂಡು ಹಾರಿಸಿದ್ದೀರಿ? ಅಲ್ಲಿಗೆ ಮಾತು ನಿಂತುಬಿಡುತ್ತದೆ. ಕೊಂಡು ಐದಾರು ವರ್ಷವಾಗಿರುತ್ತದೆ, ಹಾರಿಸಿದ್ದು ಒಂದು ಮ್ಯಾಗಜಿನ್ (ಗುಂಡು ತುಂಬಿ ಪಿಸ್ತೂಲಿಗೆ ಸೇರಿಸುವ ಡಬ್ಬಿ) ಕೂಡ ಇರುವುದಿಲ್ಲ. ಈ ಕೆಲಸದಲ್ಲಿ ಇಷ್ಟು ವರ್ಷ ಕೂತು ನನಗೆ ಅನಿಸಿರುವುದು ಇಷ್ಟು: ಕಾರ್ಖಾನೆಯಿಂದ ಬಂದ ಪಿಸ್ತೂಲಿನ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಪಿಸ್ತೂಲಿನದಲ್ಲ. ಮ್ಯಾಗಜಿನ್ನಿನದು, ತೋಟೆಯದು (ಕಾರ್ಟ್ರಿಡ್ಜ್), ಎಣ್ಣೆಯದು. ಕೊನೆಗೆ ಹಿಡಿದ ಕೈಯದು.

ನಮ್ಮಲ್ಲಿ ಸಾಮಾನ್ಯ ಲೈಸೆನ್ಸ್‌ದಾರರ ಹತ್ತಿರ ಇರುವ ಪಿಸ್ತೂಲು ಅಂದರೆ ಹೆಚ್ಚಾಗಿ .32 ಬೋರಿನದು (ಬೋರ್ ಅಂದರೆ ನಳಿಕೆಯ ಒಳ ಅಗಲ). ಕಾರಣ ಕಾನೂನು. 9 ಎಂಎಂ ನಿಷೇಧಿತ ಬೋರ್, ಅದು ಪೊಲೀಸರು ಮತ್ತು ಸೇನೆಯ ಅಳತೆ. ವಿದೇಶಿ ಪಿಸ್ತೂಲುಗಳನ್ನು ಖಾಸಗಿಯವರು ತರಿಸಿಕೊಳ್ಳುವ ದಾರಿ 1980ರ ದಶಕದಲ್ಲೇ ಮುಚ್ಚಿತು. ಅದಕ್ಕೇ ಹಳೆಯ ವಾಲ್ಥರ್, ಬ್ರೌನಿಂಗ್‌ಗಳು ಇವತ್ತು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವೆ. ಹೊಸದು ಬೇಕು ಅನ್ನುವವರಿಗೆ ಬಹುಕಾಲ ಇದ್ದದ್ದು ಬಂಗಾಳದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ ‘ಅಶನಿ’ಯಂಥ .32 ಪಿಸ್ತೂಲು, ಇಲ್ಲವೇ ಕಾನ್ಪುರದ .32 ರಿವಾಲ್ವರ್. 2021ರ ಅಕ್ಟೋಬರ್ 1ರಂದು, ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಪೆಟ್ಟಿಗೆಯ ಮೇಲಿನ ಹೆಸರು ಬದಲಾಯಿತು. ಒಳಗಿನ ಪಿಸ್ತೂಲು ಕೆಲಸ ಮಾಡುವ ರೀತಿ ಬದಲಾಗಲಿಲ್ಲ.

ಆ ರೀತಿ ಏನು ಅಂತ ಸ್ವಲ್ಪ ತಿಳಿದುಕೊಳ್ಳಬೇಕು. ಯಾಕೆಂದರೆ “ಸ್ಲೈಡ್ ತುಂಬಾ ಬಿಗಿ, ಎಳೆಯೋಕೇ ಆಗಲ್ಲ” ಅನ್ನುವ ಎರಡನೇ ದೂರಿಗೆ ಉತ್ತರ ಅಲ್ಲೇ ಇದೆ. ದೊಡ್ಡ ಬೋರಿನ ಪಿಸ್ತೂಲುಗಳಲ್ಲಿ ಗುಂಡು ಹಾರುವ ಗಳಿಗೆಯಲ್ಲಿ ಬ್ಯಾರಲ್ (ನಳಿಕೆ) ಮತ್ತು ಅದರ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಒಂದಕ್ಕೊಂದು ಬೀಗ ಹಾಕಿಕೊಂಡಿರುತ್ತವೆ. .32ರಂಥ ಸಣ್ಣ ಬೋರಿನವುಗಳಲ್ಲಿ ಸಾಮಾನ್ಯವಾಗಿ ಆ ಬೀಗ ಇಲ್ಲ. ಹಿಂದಕ್ಕೆ ಒದೆಯುವ ಬಲವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್, ಅಷ್ಟೇ. ಹಾಗಾಗಿ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಮೆತ್ತಗೆ ಮಾಡಿಕೊಡಿ ಅಂತ ಕೇಳುತ್ತಾರೆ, ನಾನು ಮಾಡಿಕೊಡುವುದಿಲ್ಲ. ಸ್ಪ್ರಿಂಗ್ ಕತ್ತರಿಸಿದರೆ ಪ್ರತಿ ಗುಂಡಿಗೂ ಸ್ಲೈಡ್ ಫ್ರೇಮಿಗೆ ಬಡಿಯುತ್ತದೆ, ಕ್ರಮೇಣ ಬಿರುಕು ಬಿಡುತ್ತದೆ. ಎಳೆಯಲು ಕಷ್ಟವಾದರೆ ಎಳೆಯುವ ರೀತಿ ಬದಲಿಸಿಕೊಳ್ಳಿ. ಸ್ಲೈಡನ್ನು ಗಟ್ಟಿಯಾಗಿ ಹಿಡಿದು, ಹಿಡಿಕೆ ಇರುವ ಕೈಯನ್ನು ಮುಂದಕ್ಕೆ ತಳ್ಳಿ. ಬೆರಳು ಟ್ರಿಗರ್‌ನಿಂದ ಹೊರಗಿರಲಿ, ನಳಿಕೆಯ ಬಾಯಿ ಜನರಿಲ್ಲದ ಕಡೆಗಿರಲಿ. ಅರವತ್ತು ದಾಟಿದವರೂ ಹೀಗೆ ಸಲೀಸಾಗಿ ಎಳೆಯುತ್ತಾರೆ.

ಈಗ ಜಾಮ್ ವಿಷಯ. ಮೊದಲು ಮ್ಯಾಗಜಿನ್ ಹೊರಗೆ ತೆಗೆದು ಬೆಳಕಿಗೆ ಹಿಡಿಯುತ್ತೇನೆ. ತೋಟೆಯನ್ನು ತಡೆದು ನಿಲ್ಲಿಸುವ ಮೇಲಿನ ಎರಡು ತುಟಿಗಳಿವೆಯಲ್ಲ, ಅವೇ ಇಡೀ ಪಿಸ್ತೂಲಿನ ಪ್ರಾಣ. ತೆಳು ತಗಡು. ಮ್ಯಾಗಜಿನ್ ಒಮ್ಮೆ ನೆಲಕ್ಕೆ ಬಿದ್ದಿದ್ದರೆ ಒಂದು ಕಡೆ ಕೂದಲೆಳೆಯಷ್ಟು ಒಳಗೆ ಬಾಗಿರುತ್ತದೆ, ಆ ಕಡೆಯಿಂದ ತೋಟೆ ಓರೆಯಾಗಿ ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳು ಸವರಿದರೆ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ .32 ಪಿಸ್ತೂಲಿಗೆ ಹುಟ್ಟಿನಿಂದಲೇ ಬಂದದ್ದು. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ತೋಟೆ 1899ರಲ್ಲಿ ಬೆಲ್ಜಿಯಂನಲ್ಲಿ ಬಳಕೆಗೆ ಬಂತು. ಅದರ ಬುಡದಲ್ಲಿ ಸಣ್ಣ ಅಂಚು ಹೊರಗೆ ಚಾಚಿದೆ. ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ನೂಕಿದರೂ ತೋಟೆ ಮುಂದೆ ಹೋಗುವುದಿಲ್ಲ. ಆಗ ಸ್ಲೈಡನ್ನು ಬಡಿದು, ಎಳೆದು ಒದ್ದಾಡಿ ಪ್ರಯೋಜನವಿಲ್ಲ. ಮ್ಯಾಗಜಿನ್ ತೆಗೆದು, ಖಾಲಿ ಮಾಡಿ, ಮತ್ತೆ ತುಂಬಬೇಕು. ತುಂಬುವಾಗ ಒಂದೊಂದೇ ತೋಟೆಯನ್ನು ಮುಂದಿನಿಂದ ಹಿಂದಕ್ಕೆ ಜಾರಿಸಿ, ಪೂರ್ತಿ ಹಿಂದೆ ಕೂತಿದೆಯಾ ಅಂತ ನೋಡಿಕೊಂಡರೆ ಈ ತಾಪತ್ರಯ ಬಹಳ ಕಡಿಮೆ. ಇದನ್ನು ತೋರಿಸಿಕೊಟ್ಟ ಮೇಲೆ ವಾಪಸ್ ಬಾರದ ಗಿರಾಕಿಗಳು ಎಷ್ಟೋ ಜನ.

ತೋಟೆಯ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ಲೈಸೆನ್ಸಿನಲ್ಲಿ “.32” ಅಂತ ಇದ್ದರೆ ಸಾಲದು. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ಪಿಸ್ತೂಲಿನದರ ಕೇಸು (ಮದ್ದು ತುಂಬುವ ಹೊರಗಿನ ಕೊಳವೆ) 17 ಎಂಎಂ ಉದ್ದ, ಗುಂಡಿಗೆ ತಾಮ್ರದ ಕವಚ. ರಿವಾಲ್ವರಿನದು 23 ಎಂಎಂಗೂ ಜಾಸ್ತಿ ಉದ್ದ, ಅಗಲವಾದ ಅಂಚು, ಸಾಮಾನ್ಯವಾಗಿ ಬರೀ ಸೀಸದ ಗುಂಡು. ಅಪ್ಪನ ರಿವಾಲ್ವರಿನ ಹಳೇ ತೋಟೆ ಉಳಿದಿತ್ತು ಅಂತ ಮಗ ತನ್ನ ಪಿಸ್ತೂಲಿಗೆ ತುರುಕಲು ನೋಡಿ, ಮ್ಯಾಗಜಿನ್ ಹಾಳಾಗಿ ತಂದದ್ದನ್ನು ನೋಡಿದ್ದೇನೆ. ಪೆಟ್ಟಿಗೆಯ ಮೇಲೆ ‘ಪಿಸ್ಟಲ್’ ಅಂತ ಇದೆಯಾ ಅಂತ ಓದಿ ಕೊಳ್ಳಿ. ಪೆಟ್ಟಿಗೆ ಹರಿದು, ತೋಟೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟಿದ್ದರೆ ಒಂದೊಂದನ್ನೂ ಒರೆಸಿ ನೋಡಿ. ಹಸಿರು ಕಿಲುಬು ಹಿಡಿದದ್ದು ಚೇಂಬರಿಗೆ, ಅಂದರೆ ನಳಿಕೆಯಲ್ಲಿ ತೋಟೆ ಕೂರುವ ಗೂಡಿಗೆ, ಪೂರ್ತಿ ಕೂರುವುದಿಲ್ಲ. ಕೂತರೆ ಹೊರಬರುವುದಿಲ್ಲ. ಅಂಥದ್ದನ್ನು ಉಜ್ಜಿ ಬಳಸಬೇಡಿ, ಎಲ್ಲಿಗೂ ಎಸೆಯಲೂಬೇಡಿ. ಡೀಲರ್‌ಗೆ ಅಥವಾ ಠಾಣೆಗೆ ತಿಳಿಸಿ, ಲೆಕ್ಕದ ಪ್ರಕಾರ ಒಪ್ಪಿಸಿ.

ಎಣ್ಣೆ. ಇದರ ಬಗ್ಗೆ ನನಗೆ ಸಂಕಟವೇ ಆಗುತ್ತದೆ. ಮಡಿಕೇರಿ, ಮೂಡಿಗೆರೆ ಕಡೆಯ ತೋಟದವರು ತರುವ ಪಿಸ್ತೂಲುಗಳಲ್ಲಿ ಕೊಬ್ಬರಿ ಎಣ್ಣೆ ವಾಸನೆ ಹೊಡೆಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಫೈರಿಂಗ್ ಪಿನ್ ಓಡಾಡುವ ತೂತಿನಲ್ಲಿ ಅದು ಮೇಣವಾಗಿ ಕೂತಿರುತ್ತದೆ. ಪಿನ್ ನಿಧಾನವಾಗಿ ಬಂದು ಪ್ರೈಮರನ್ನು (ತೋಟೆಯ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಭಾಗ) ಮುಟ್ಟುತ್ತದೆ, ಬಡಿಯುವುದಿಲ್ಲ. “ಟಕ್ ಅಂತು, ಗುಂಡು ಹಾರಲಿಲ್ಲ” ಅನ್ನುವ ದೂರು ಬಂದರೆ ತೋಟೆಯ ಹಿಂಭಾಗ ನೋಡುತ್ತೇನೆ. ಪ್ರೈಮರಿನ ಮೇಲೆ ಬರೀ ಚುಕ್ಕೆಯಷ್ಟು ಗುರುತಿದ್ದರೆ ಮೊದಲ ಅನುಮಾನ ಈ ಅಂಟಿನ ಮೇಲೇ. ಬಂದೂಕಿಗೆಂದೇ ಇರುವ ತೆಳು ಎಣ್ಣೆ ಸಾಕು, ಅದೂ ಸ್ಲೈಡ್ ಜಾರುವ ಗೀರುಗಳಿಗೆ ಒಂದೊಂದು ಹನಿ. ಪಿನ್ ತೂತು ಒಣಗಿಯೇ ಇರಲಿ.

ಆಯುಧಪೂಜೆಯ ಮಾರನೇ ವಾರ ಬರುವವು ಬೇರೆ ಥರ. ಅರಿಶಿನ, ಕುಂಕುಮ, ಗಂಧ ಹಚ್ಚಿ, ಹೂ ಏರಿಸಿ, ಹಾಗೇ ಹೋಲ್‌ಸ್ಟರಿಗೆ ತುರುಕಿರುತ್ತಾರೆ. ಬಿಚ್ಚಿದರೆ ಸ್ಲೈಡಿನ ಗೀರಿನಲ್ಲಿ ಎಣ್ಣೆಗೆ ಅಂಟಿದ ಕುಂಕುಮ, ಖಾಲಿ ಕೇಸು ಹೊರಬೀಳುವ ಎಜೆಕ್ಷನ್ ಕಿಂಡಿಯಲ್ಲಿ ಎರಡು ಅಕ್ಷತೆ ಕಾಳು. ಒದ್ದೆ ಗಂಧ ಹಚ್ಚಿದ ಕಡೆ ನಾಲ್ಕೇ ದಿನಕ್ಕೆ ಕಪ್ಪು ಬಣ್ಣ ಹೋಗಿ ತುಕ್ಕಿನ ಚುಕ್ಕೆ. ಪೂಜೆ ಮಾಡಿ, ನಾನೂ ಮಾಡುತ್ತೇನೆ. ಖಾಲಿ ಮಾಡಿದ ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟು, ಕುಂಕುಮವನ್ನು ಹಿಡಿಕೆಗೆ ಮಾತ್ರ ಇಡಿ, ಸಂಜೆಗೆ ಒರೆಸಿಬಿಡಿ. ಕೊಡಗಿನವರು ತಮ್ಮ ಆಯುಧಗಳ ಹಬ್ಬ ಕೈಲ್‌ಪೊಳ್ದ್‌ಗೆ ಮುಂಚೆ ಕೋವಿಯನ್ನು ನಳಿಕೆ ಸಮೇತ ತಿಕ್ಕಿ ಹೊಳೆಸುತ್ತಾರೆ. ಅದೇ ಮನೆಯ ಡ್ರಾಯರಿನಲ್ಲಿರುವ ಪಿಸ್ತೂಲಿಗೆ ಆ ಭಾಗ್ಯ ಯಾಕಿಲ್ಲ ಅಂತ ನನಗೆ ಪ್ರತಿ ವರ್ಷ ಅನಿಸುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಖಾಲಿ ಕೇಸು ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡರೆ? ಕೇಸು ಎಳೆಯುವ ಕೊಕ್ಕೆ ಸವೆದಿರಬಹುದು, ತೋಟೆ ಬಲ ಕಡಿಮೆ ಇರಬಹುದು. ಆದರೆ ಸಡಿಲ ಮಣಿಕಟ್ಟನ್ನು ಮೊದಲು ನೋಡಬೇಕು. ಪಿಸ್ತೂಲಿನ ಜೊತೆ ಕೈಯೂ ಹಿಂದೆ ಹೋದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಇದು ಅಂಗಡಿಯಲ್ಲಿ ಗೊತ್ತಾಗುವ ವಿಷಯವಲ್ಲ, ರೇಂಜಿನಲ್ಲೇ ನೋಡಬೇಕು. ಜಿಲ್ಲಾ ರೈಫಲ್ ಕ್ಲಬ್ಬಿನ ಸದಸ್ಯತ್ವ ಪಡೆದು, ಅನುಮತಿ ಇರುವ ರೇಂಜಿನಲ್ಲಿ, ಕಲಿಸುವವರು ಪಕ್ಕದಲ್ಲಿರುವಾಗ ಹಾರಿಸಿ. ಲೈಸೆನ್ಸಿನಲ್ಲಿ ಕೊಡುವ ತೋಟೆ ಕಡಿಮೆ, ನಿಜ. ಅದಕ್ಕೇ ಎಲ್ಲವನ್ನೂ ಕೂಡಿಟ್ಟು ಹಳೆಯದಾಗಿಸುವ ಬದಲು ಒಂದು ಪಾಲನ್ನು ಅಭ್ಯಾಸಕ್ಕೆ ತೆಗೆದಿಡಿ. ತೋಟದಲ್ಲೋ ಮದುವೆ ಮನೆಯಲ್ಲೋ ಮೇಲಕ್ಕೆ ಹಾರಿಸಿ ಪರೀಕ್ಷೆ ಮಾಡುವುದು ಬೇಡವೇ ಬೇಡ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯುತ್ತದೆ.

ಖಾಲಿ ಮಾಡುವ ಕ್ರಮ ಮಾತ್ರ ಯಾರಿಗೂ ತಪ್ಪಬಾರದು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಉಲ್ಟಾ ಮಾಡಿದರೆ ಚೇಂಬರಿನ ತೋಟೆ ಹೊರಗೆ ಬೀಳುತ್ತದೆ, ಅದೇ ಎಳೆತಕ್ಕೆ ಮ್ಯಾಗಜಿನ್ನಿನಿಂದ ಇನ್ನೊಂದು ಒಳಗೆ ಸೇರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು “ಖಾಲಿ” ಅಂದುಕೊಂಡು ಟ್ರಿಗರ್ ಒತ್ತುತ್ತಾರೆ. ರಿವಾಲ್ವರಿನಿಂದ ಪಿಸ್ತೂಲಿಗೆ ಬಂದವರು ಇಲ್ಲಿ ಎಡವುವುದು ಜಾಸ್ತಿ, ಯಾಕೆಂದರೆ ರಿವಾಲ್ವರಿನಲ್ಲಿ ತೋಟೆಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಸ್ಲೈಡನ್ನು ಹಿಂದೆ ಹಿಡಿದು ಚೇಂಬರನ್ನು ಕಣ್ಣಿಂದ ನೋಡಿ, ಕತ್ತಲಿದ್ದರೆ ಕಿರುಬೆರಳು ಹಾಕಿ ನೋಡಿ. ಅಂಗಡಿಗೆ ತರುವಾಗಲೂ ಹೀಗೆ ಖಾಲಿ ಮಾಡಿಯೇ ತನ್ನಿ.

ಕೊನೆಯದಾಗಿ, ಚುನಾವಣೆ ಹೊತ್ತಿಗೆ ಆಯುಧ ಒಪ್ಪಿಸುವ ವಿಷಯ. 2024ರ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಮಾರ್ಚ್ 16ಕ್ಕೆ ಬಂತು, ಫಲಿತಾಂಶ ಜೂನ್ 4ಕ್ಕೆ. ಒಪ್ಪಿಸಿ ಅಂತ ಸೂಚನೆ ಬಂದವರ ಆಯುಧ ಬೇಸಿಗೆಯಲ್ಲಿ ಒಳಗೆ ಹೋಗಿ ಮಳೆಗಾಲದಲ್ಲಿ ಹೊರಗೆ ಬಂತು. ಚರ್ಮದ ಹೋಲ್‌ಸ್ಟರಿನಲ್ಲೇ ಒಪ್ಪಿಸಿದವರ ಪಿಸ್ತೂಲಿಗೆ ಹೋಲ್‌ಸ್ಟರಿನ ಆಕಾರಕ್ಕೇ ತುಕ್ಕು ಹಿಡಿದಿತ್ತು. ಚರ್ಮ ತೇವ ಹೀರಿಕೊಳ್ಳುತ್ತದೆ, ಬೇಗ ಬಿಟ್ಟುಕೊಡುವುದಿಲ್ಲ. ಮುಂದಿನ ಸಲ ಹೀಗೆ ಮಾಡಿ. ಖಾಲಿ ಮಾಡಿ, ಬ್ಯಾರಲ್ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಸವರಿ, ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ಹೋಲ್‌ಸ್ಟರ್ ಮನೆಯಲ್ಲೇ ಇರಲಿ. ರಸೀದಿಯಲ್ಲಿ ಪಿಸ್ತೂಲಿನ ನಂಬರ್ ಜೊತೆ ಮ್ಯಾಗಜಿನ್ ಎಷ್ಟು, ತೋಟೆ ಎಷ್ಟು ಅಂತಲೂ ಬರೆಸಿಕೊಳ್ಳಿ. ವಾಪಸ್ ಬಂದ ದಿನವೇ ಬಿಚ್ಚಿ ಒರೆಸಿ. ನಳಿಕೆಯಲ್ಲಿ ಕೆಂಪು ಕಂಡರೆ ಉಪ್ಪುಕಾಗದ ಮುಟ್ಟಬೇಡಿ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ.